ಬಸ್ಸು ಎಂಬ ವಿಭಕ್ತಿ ಪ್ರತ್ಯಯ

ಸವದತ್ತಿಯ ನಿಲ್ದಾಣದಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಬಸ್ಸು ಕಾಯುವವರು ತಮಗರಿವಿಲ್ಲದೆಯೇ ಲ್ಯಾಟಿನ್ ನುಡಿಯುತ್ತಿರುತ್ತಾರೆ. 'ಬಸ್ಸು' ಎಂಬುದು 'ಓಮ್ನಿಬುಸ್' ಪದದ ಬಾಲ. 'ಓಮ್ನಿ' ಎಂದರೆ ಎಲ್ಲ. 'ಬುಸ್' ಚತುರ್ಥೀ ವಿಭಕ್ತಿಯ ಬಹುವಚನ ಪ್ರತ್ಯಯ. ಒಟ್ಟು ಅರ್ಥ 'ಎಲ್ಲರಿಗೆ'. ಫ್ರಾನ್ಸಿನಲ್ಲಿ ಎಲ್ಲರೂ ಹತ್ತಬಹುದಾದ ಕುದುರೆಗಾಡಿಗೆ ಇಟ್ಟ ಈ ಹೆಸರು 1829ರಲ್ಲಿ ಲಂಡನ್ನಿನ ಬೀದಿಗೆ ಬಂತು. ಪದದ ತಲೆ ಹೋಗಿ ಪ್ರತ್ಯಯವಷ್ಟೇ ನಮ್ಮೂರು ತಲುಪಿತು.

ಪಂಚಾಯಿತಿ ಸಭೆ ಮುಂದೂಡಿಸುವ 'ಕೋರಂ' ಕೂಡ ಷಷ್ಠೀ ಬಹುವಚನ: 'ಯಾರ' ಎಂದರ್ಥ. ಇಂಗ್ಲೆಂಡಿನ ಹಳೆಯ ನೇಮಕಾತಿ ಆಜ್ಞೆಗಳಲ್ಲಿ 'ಯಾರ ಪೈಕಿ ಇಂಥವರು ಇರಲೇಬೇಕು' ಎಂಬ ಮಾತಿನಿಂದ ಅದು ಉಳಿದುಕೊಂಡಿತು. ಕೋರ್ಟಿನ 'ಅಫಿಡವಿಟ್' ಎಂದರೆ 'ಪ್ರಮಾಣ ಮಾಡಿದ್ದಾನೆ'.

ಲ್ಯಾಟಿನ್ ಕಲಿಯ ಹೊರಟ ಇಂಗ್ಲಿಷಿನವರನ್ನು ಮೊದಲು ಕಾಡುವುದು ಈ ವಿಭಕ್ತಿಗಳೇ. ಕನ್ನಡಿಗರಿಗೆ ಅವು ಹೊಸತಲ್ಲ. 'ಪುಯೆಲ್ಲಾ ರೋಸಂ ಅಮಾತ್' ಎಂದರೆ 'ಹುಡುಗಿ ಗುಲಾಬಿಯನ್ನು ಪ್ರೀತಿಸುತ್ತಾಳೆ'. ಕೊನೆಯ 'ಂ' ನಮ್ಮ 'ಅನ್ನು' ಮಾಡುವ ಕೆಲಸವನ್ನೇ ಮಾಡುತ್ತದೆ. ಕ್ರಿಯಾಪದ ಇಲ್ಲಿಯಂತೆ ಅಲ್ಲಿಯೂ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. 'ಅಮೋ' ಎಂದರೆ ಸಾಕು, 'ನಾನು' ಎಂದು ಬೇರೆ ಹೇಳಬೇಕಿಲ್ಲ.

ತೊಡಕು ಇಲ್ಲವೆಂದಲ್ಲ. ನಾವು 'ಹುಡುಗಿ'ಗೆ 'ಯರು' ಹಚ್ಚಿ, ಅದರ ಮೇಲೆ 'ಅನ್ನು' ಹಚ್ಚುತ್ತೇವೆ. ಲ್ಯಾಟಿನ್ನಿನಲ್ಲಿ ವಚನವೂ ವಿಭಕ್ತಿಯೂ ಒಂದೇ ಪ್ರತ್ಯಯದಲ್ಲಿ ಬೆಸೆದಿರುತ್ತವೆ. ನಾಮಪದಗಳಲ್ಲಿ ಐದು ಗಣಗಳಿದ್ದು ಪ್ರತಿ ಗಣಕ್ಕೂ ಪ್ರತ್ಯಯ ಬೇರೆ. ನಮಗೆ ನಪುಂಸಕವಾದ ಮೇಜು ಅಲ್ಲಿ ಸ್ತ್ರೀಲಿಂಗ.

ಈ ಎರಡು ಭಾಷೆಗಳ ನಂಟೂ ಹಳೆಯದೇ. 1861ರಲ್ಲಿ ಬೆಂಗಳೂರಿನ ಕ್ಯಾಥೋಲಿಕ್ ಮಿಷನ್ನಿನ ಮುದ್ರಣಾಲಯ ಲ್ಯಾಟಿನ್–ಕನ್ನಡ ನಿಘಂಟೊಂದನ್ನು ಹೊರತಂದಿತ್ತು. 1960ರ ದಶಕದ ಸುಧಾರಣೆಗಳವರೆಗೆ ಕ್ಯಾಥೋಲಿಕ್ ಚರ್ಚುಗಳ ಬಲಿಪೂಜೆಯ ಭಾಷೆ ಲ್ಯಾಟಿನ್ನೇ ಆಗಿತ್ತು.

ಇಂದು ಗುರುವಿಲ್ಲದ ಊರಿನಲ್ಲಿದ್ದುಕೊಂಡೇ ಅದನ್ನು ಕಲಿಯುವವರಿದ್ದಾರೆ. ಡೆನ್ಮಾರ್ಕಿನ ಹ್ಯಾನ್ಸ್ ಓರ್ಬರ್ಗ್ 1955ರಲ್ಲಿ ಹೊರತಂದ, ಪೂರ್ತಿ ಲ್ಯಾಟಿನ್ನಿನಲ್ಲೇ ಇರುವ ಪಠ್ಯವನ್ನು ಹಲವು ಗುಂಪುಗಳು ಹಿಡಿದಿವೆ. ಕಲಿಯುವ ಕ್ರಮ ಸರಳ: ವಾರಕ್ಕೊಂದು ಸಣ್ಣ ಭಾಗ, ಒಬ್ಬರು ಒಂದು ವಾಕ್ಯ ಓದಿ, ಪ್ರತಿ ಪದದ ವಿಭಕ್ತಿ ಹೇಳಿ, ಆಮೇಲೆ ಅರ್ಥ ಹೇಳಬೇಕು. ತಪ್ಪಿದರೆ ಉಳಿದವರು ತಿದ್ದುತ್ತಾರೆ. ಒಬ್ಬರೇ ಓದುವಾಗ ಅರ್ಥವನ್ನು ಊಹಿಸಿ ಮುಂದೆ ಸಾಗಬಹುದು. ನಾಲ್ವರ ನಡುವೆ ಆ ಊಹೆ ನಡೆಯದು. ಗುಂಪಿನ ನಿಜವಾದ ಲಾಭ ಇದೇ.

ಈ ಕ್ರಮ ಸವದತ್ತಿಗೆ ಇನ್ನೂ ಹತ್ತಿರದ ಕೆಲಸಕ್ಕೆ ಬರುತ್ತದೆ. ಸುಗಂಧವರ್ತಿ ಎಂಬ ಹೆಸರಿನಲ್ಲಿ ಇದು ರಟ್ಟರ ರಾಜಧಾನಿಯಾಗಿತ್ತು. ಆ ಬಳಿಕ ರಾಜಧಾನಿ ಬೆಳಗಾವಿಗೆ ಹೋಯಿತು. ಇಲ್ಲಿನ ರಟ್ಟರ ಶಾಸನಗಳನ್ನು 19ನೇ ಶತಮಾನದಲ್ಲಿ ಓದಿ ಅಚ್ಚು ಹಾಕಿಸಿದವರು ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್. ಅವರು ಕನ್ನಡವನ್ನು ಪರಭಾಷೆಯಾಗಿ ಕಲಿತವರು. ಆ ಕಲ್ಲುಗಳ ಹಳಗನ್ನಡ ಇಂದು ಆ ಊರಿನವರಿಗೇ ಪರಭಾಷೆಯಂತಾಗಿದೆ.

ಹಳಗನ್ನಡದಲ್ಲಿಯೂ ಬದಲಾಗಿರುವುದು ಹೆಚ್ಚಾಗಿ ಪ್ರತ್ಯಯಗಳೇ: 'ಮರವನ್ನು' ಅಲ್ಲಿ 'ಮರಮಂ', 'ಮರದಲ್ಲಿ' ಅಲ್ಲಿ 'ಮರದೊಳ್'. ಎರಡು ಸಾವಿರ ವರ್ಷ ಹಿಂದಿನ ರೋಮನ್ನರ ಮಾತನ್ನು ವಾರಕ್ಕೊಂದು ಪುಟದಂತೆ ಕಲಿಯಲು ಸಾಧ್ಯವಿದ್ದರೆ, ಸಾವಿರ ವರ್ಷ ಹಿಂದಿನ ನಮ್ಮದೇ ಮಾತಿಗೆ ಬೇಕಾದದ್ದು ನಾಲ್ಕು ಜನ ಮತ್ತು ವಾರಕ್ಕೊಂದು ಸಂಜೆ.