ಚುಕ್ಕೆ ಗುರುತಿಸುವ ಕ್ಯಾಮೆರಾ

ಮಕ್ಕಳೇ, 2022ರ ಕೊನೆಯಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಬಲಿಯಾದಾಗ, ಪಕ್ಕದ ನಂಜನಗೂಡಿನ ನಾವೂ ಕತ್ತಲಾಗುವ ಮೊದಲೇ ಬಾಗಿಲು ಹಾಕುತ್ತಿದ್ದೆವು. ಆಗ ಅರಣ್ಯ ಇಲಾಖೆಯವರು ಬೋನುಗಳ ಜೊತೆ ಕ್ಯಾಮೆರಾಗಳನ್ನೂ ಇಟ್ಟರು. ಇವಕ್ಕೆ ಗುಂಡಿ ಒತ್ತುವವರು ಬೇಡ. ಬೆಚ್ಚನೆಯ ಮೈಯೊಂದು ಎದುರಿಗೆ ಹಾದರೆ ಸೆನ್ಸರ್‌ಗೆ ತಿಳಿಯುತ್ತದೆ, ಫೋಟೊ ಬೀಳುತ್ತದೆ. ಸಿಮ್ ಇದ್ದರೆ ಫೋನಿಗೂ ಬರುತ್ತದೆ. ಬಿಸಿಲಿಗೆ ಕಾದ ಎಲೆ ಅಲುಗಿದರೂ ಒಮ್ಮೊಮ್ಮೆ ಮೋಸಹೋಗುತ್ತದೆ!

ಕಟ್ಟುವುದು ಮೊಣಕಾಲೆತ್ತರಕ್ಕೆ. ಪರೀಕ್ಷಿಸಲು ಅದರ ಮುಂದೆ ಅಂಬೆಗಾಲಿಡಬೇಕು. (ಅಜ್ಜಂದಿರಿಗೆ ವಿನಾಯಿತಿ.)

ಚಿರತೆಯ ಚುಕ್ಕೆಗಳು ನಮ್ಮ ಬೆರಳಚ್ಚಿನಂತೆ, ಒಂದರದು ಇನ್ನೊಂದಕ್ಕಿಲ್ಲ. ಎಡಮೈ ಬಲಮೈಗಳೂ ಬೇರೆ, ಅದಕ್ಕೇ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟುವುದುಂಟು. ಬೋನಿಗೆ ಬಿದ್ದದ್ದು ಊರಿನ ಬಳಿ ಸುಳಿದ ಚಿರತೆಯೋ, ಏನೂ ಅರಿಯದ ಇನ್ನೊಂದೋ? ಚುಕ್ಕೆಗಳನ್ನು ಹೋಲಿಸಿಯೇ ಹೇಳಬೇಕು.