ರಾತ್ರಿ 9ಕ್ಕೆ ಗೇಟ್ ಬೀಳುತ್ತೆ: ರಜೆಗೆ ಊಟಿ, ವಯನಾಡು ಹೊರಟವರು ಗುಂಡ್ಲುಪೇಟೆಯಲ್ಲಿ ಸಿಕ್ಕಿಹಾಕಿಕೊಳ್ಳೋದು ಯಾಕೆ?

ಗುಂಡ್ಲುಪೇಟೆ: ದಸರಾ ಇರಲಿ, ಕ್ರಿಸ್‌ಮಸ್ ಇರಲಿ, ಶನಿವಾರ–ಭಾನುವಾರಕ್ಕೆ ಸೋಮವಾರ ಸೇರಿಕೊಂಡು ಮೂರು ದಿನ ರಜೆ ಬರಲಿ, ಪಟ್ಟಣದ ಹೆದ್ದಾರಿಯಲ್ಲಿ ಒಂದೇ ದೃಶ್ಯ. ಸಂಜೆ ಏಳರಿಂದ ಒಂಬತ್ತರವರೆಗೆ ಕಾರು, ಟೆಂಪೋ ಟ್ರಾವೆಲರ್‌ಗಳು ಒಂದರ ಹಿಂದೆ ಒಂದು ಓಡ್ತವೆ. ಒಂಬತ್ತೂಕಾಲಿಗೆ ಅದೇ ಗಾಡಿಗಳಲ್ಲಿ ಕೆಲವು ವಾಪಸ್ ಬರ್ತವೆ. ಹಿಂದಿನ ಸೀಟಲ್ಲಿ ಮಕ್ಕಳು ನಿದ್ದೆ, ಮುಂದೆ ಕೂತವರು ಫೋನಿನಲ್ಲಿ ಲಾಡ್ಜ್ ಹುಡುಕಾಟ. "ಗೇಟ್ ಹಾಕಿಬಿಟ್ರು, ಬಿಡ್ತಾ ಇಲ್ಲ, ಬೇರೆ ದಾರಿ ಇಲ್ವಾ?" ಅನ್ನೋದು ಅಂಗಡಿಯವರಿಗೆ ಅವರು ಕೇಳೋ ಮೊದಲ ಪ್ರಶ್ನೆ.

ಬೇರೆ ದಾರಿ ಇದೆ. ಆದರೆ ಅದು ಗುಂಡ್ಲುಪೇಟೆಯಿಂದ ಇಲ್ಲ. ಇದನ್ನ ತಿಳಿಯದೆ ಹೊರಟರೆ ರಜೆಯ ಒಂದು ರಾತ್ರಿ ರಸ್ತೆ ಬದಿಯಲ್ಲೇ ಕಳೆದುಹೋಗುತ್ತೆ. ಗೇಟ್ ಯಾಕೆ ಬೀಳುತ್ತೆ, ಯಾರಿಗೆ ವಿನಾಯಿತಿ, ಎಷ್ಟು ಹೊತ್ತಿಗೆ ಹೊರಟರೆ ಸರಿ, ಬಸ್ಸಿನಲ್ಲಿ ಹೋಗೋರು ಏನು ನೋಡ್ಕೋಬೇಕು ಎಂಬ ವಿವರ ಇಲ್ಲಿದೆ.

ಎರಡು ರಸ್ತೆ, ಎರಡು ಗೇಟ್

ಮೈಸೂರಿನಿಂದ ನಂಜನಗೂಡು ಮೇಲೆ ಸುಮಾರು 60 ಕಿ.ಮೀ. ಬಂದರೆ ಗುಂಡ್ಲುಪೇಟೆ. ಇಲ್ಲಿ ರಸ್ತೆ ಎರಡಾಗುತ್ತೆ. ಒಂದು ರಾಷ್ಟ್ರೀಯ ಹೆದ್ದಾರಿ 766. ಹಿಂದೆ ಇದನ್ನೇ 212 ಅಂತಿದ್ದರು. ಇದು ಸುಲ್ತಾನ್ ಬತ್ತೇರಿ ಮೇಲೆ ವಯನಾಡು ದಾಟಿ ಕೋಳಿಕ್ಕೋಡಿಗೆ ಹೋಗುತ್ತೆ. ಇನ್ನೊಂದು ರಾಷ್ಟ್ರೀಯ ಹೆದ್ದಾರಿ 181. ಇದರ ಹಳೆಯ ನಂಬರ್ 67. ಇದು ಬಂಡೀಪುರ, ತೆಪ್ಪಕಾಡು, ಗೂಡಲೂರು ಮೇಲೆ ಊಟಿಗೆ ಏರುತ್ತೆ.

ಎರಡೂ ರಸ್ತೆ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಹಾದುಹೋಗ್ತವೆ. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಪಟ್ಟಿಯಲ್ಲೇ ಇದ್ದ ಕಾಡು ಇದು. ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿ, ಕೇರಳ ರಸ್ತೆಯಲ್ಲಿ ಮದ್ದೂರು ಚೆಕ್‌ಪೋಸ್ಟ್ ಇದೆ. (ಇದು ವಡೆಯ ಮದ್ದೂರಲ್ಲ, ನಮ್ಮ ತಾಲ್ಲೂಕಿನ ಮದ್ದೂರು.) ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಎರಡೂ ಕಡೆ ಗೇಟ್ ಬಂದ್.

ಯಾರು ಮಾಡಿದ್ದು, ಯಾವಾಗ

ಗೇಟ್ ಮುಂದೆ ಜಗಳ ಆಡೋರು ಬಹಳ ಜನ ಇದನ್ನ ಅಲ್ಲಿ ನಿಂತ ಸಿಬ್ಬಂದಿಯ ದರ್ಬಾರು ಅಂದುಕೊಳ್ತಾರೆ. ಹಾಗಲ್ಲ. 2009ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ಆದೇಶದಿಂದ ರಾತ್ರಿ ಸಂಚಾರ ನಿಂತಿತು. ಮಧ್ಯೆ ಆದೇಶ ವಾಪಸಾಯಿತು, ವಿಷಯ ಹೈಕೋರ್ಟ್‌ಗೆ ಹೋಯಿತು. ಹೈಕೋರ್ಟ್ ನಿಷೇಧವನ್ನ ಮತ್ತೆ ಜಾರಿಗೆ ತಂದು, 2010ರಲ್ಲಿ ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಹಾಗಾಗಿ ಗೇಟಿನಲ್ಲಿ ನಿಂತವರಿಗೆ "ಹೋಗ್ಲಿ ಬಿಡಿ" ಅಂತ ಬಿಡೋ ಅಧಿಕಾರವೇ ಇಲ್ಲ. ಶಿಫಾರಸು ಫೋನು ಮಾಡಿಸಿ ಕಾಯೋದು ವ್ಯರ್ಥ.

ವಿನಾಯಿತಿ ಇರೋದು ಆಂಬುಲೆನ್ಸ್‌ನಂಥ ತುರ್ತು ವಾಹನಕ್ಕೆ ಮತ್ತು ನಿಗದಿ ಮಾಡಿದ ಕೆಲವೇ ಸರ್ಕಾರಿ ಬಸ್ಸುಗಳಿಗೆ. ಮದುವೆ ದಿಬ್ಬಣ, ಪ್ರವಾಸಿ ಗಾಡಿ, ತರಕಾರಿ ಲಾರಿ ಯಾವುದಕ್ಕೂ ಇಲ್ಲ.

ರಾತ್ರಿಯೇ ಯಾಕೆ?

ಆನೆ, ಕಾಟಿ, ಜಿಂಕೆ, ಚಿರತೆ ಕತ್ತಲಾದ ಮೇಲೆ ಹೆಚ್ಚು ಓಡಾಡ್ತವೆ. ಕೆರೆಗೆ ನೀರಿಗೆ ಹೋಗೋ ಪ್ರಾಣಿ ರಸ್ತೆ ದಾಟಲೇಬೇಕು. ಹೆಡ್‌ಲೈಟ್ ಕಣ್ಣಿಗೆ ಬಿದ್ದರೆ ಜಿಂಕೆ ಓಡಲ್ಲ, ಕಣ್ಣು ಕತ್ತಲಿಟ್ಟು ಅಲ್ಲೇ ನಿಲ್ಲುತ್ತೆ. ಖಾಲಿ ರಸ್ತೆ ಅಂತ ವೇಗವಾಗಿ ಬರೋ ಡ್ರೈವರ್‌ಗೆ ಅದು ಕಾಣೋ ಹೊತ್ತಿಗೆ ತಡವಾಗಿರುತ್ತೆ. ನಿಷೇಧಕ್ಕೆ ಮುಂಚೆ ರಸ್ತೆ ಬದಿ ಸತ್ತ ಪ್ರಾಣಿಗಳನ್ನ ಬೆಳಿಗ್ಗೆ ನೋಡಿದ ನೆನಪು ಕಾಡಂಚಿನ ಊರುಗಳ ಹಿರಿಯರಿಗೆ ಇನ್ನೂ ಇದೆ. ಆನೆಗೆ ಗುದ್ದಿದರೆ ಗಾಡಿಯಲ್ಲಿದ್ದವರೂ ಉಳಿಯೋದು ಕಷ್ಟ.

ಎದುರು ಮಾತೂ ಇದೆ, ಅದನ್ನೂ ಹೇಳಬೇಕು. ವಯನಾಡಿನವರಿಗೆ ಮೈಸೂರು, ಬೆಂಗಳೂರು ಅಂದರೆ ಓದು, ಕೆಲಸ, ಆಸ್ಪತ್ರೆ. ಒಂಬತ್ತು ಗಂಟೆ ದಾರಿ ಬಂದ್ ಆದರೆ ಅವರಿಗೆ ತೊಂದರೆ ನಿಜ. 2019ರಲ್ಲಿ ಹಗಲೂ ರಸ್ತೆ ಮುಚ್ಚುವ ಮಾತು ಸುಪ್ರೀಂ ಕೋರ್ಟ್‌ನಲ್ಲಿ ಬಂದಾಗ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹವೇ ನಡೆಯಿತು. ಕಾಡಿನ ಮೇಲೆ ಎತ್ತರಿಸಿದ ರಸ್ತೆ ಕಟ್ಟುವ ಪ್ರಸ್ತಾಪವೂ ಬಂದಿತ್ತು, ಕರ್ನಾಟಕ ಒಪ್ಪಲಿಲ್ಲ. ನಮ್ಮ ಕಡೆಯೂ ಗುಂಡ್ಲುಪೇಟೆ, ತೆರಕಣಾಂಬಿ ಮಾರುಕಟ್ಟೆಯ ತರಕಾರಿ, ಓಣಂ ಹೊತ್ತಿನ ಚೆಂಡು ಹೂವು ಕೇರಳಕ್ಕೇ ಹೋಗಬೇಕು. ಲೋಡ್ ಒಂದು ಗಂಟೆ ತಡವಾದರೆ ಲಾರಿ ಬೆಳಿಗ್ಗೆವರೆಗೆ ನಿಲ್ಲುತ್ತೆ, ಮಾಲು ಬಾಡುತ್ತೆ. ಹೀಗೆ ಕಾಡಿಗೆ ಸಿಗೋ ಒಂಬತ್ತು ಗಂಟೆಯ ನೆಮ್ಮದಿಗೆ ಎರಡೂ ಕಡೆಯ ಜನ ಬೆಲೆ ಕೊಡ್ತಾ ಇದ್ದಾರೆ. ಅದಕ್ಕೇ ನಿಷೇಧ ತೆರವಿನ ಮಾತು ಎದ್ದಾಗೆಲ್ಲ ಪರ–ವಿರೋಧ ಎರಡೂ ಜೋರು.

ಹಿಂದಿನಿಂದ ಲೆಕ್ಕ ಹಾಕಿ

ಪ್ರವಾಸ ಹೊರಡೋರು ಸಾಮಾನ್ಯವಾಗಿ "ಎಷ್ಟೊತ್ತಿಗೆ ಹೊರಡೋಣ" ಅಂತ ಯೋಚನೆ ಮಾಡ್ತಾರೆ. ಈ ದಾರಿಯಲ್ಲಿ "ಗೇಟಿಗೆ ಎಷ್ಟೊತ್ತಿಗೆ ಇರಬೇಕು" ಅಂತ ಶುರು ಮಾಡಬೇಕು.

ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರಲ್ಲಿ ಉದ್ಘಾಟನೆ ಆದ ಮೇಲೆ "ಮೈಸೂರಿಗೆ ಒಂದೂವರೆ ಗಂಟೆ" ಅನ್ನೋ ಧೈರ್ಯ ಜನರಿಗೆ ಬಂದಿದೆ. ಆದರೆ ರಜೆ ಹಿಂದಿನ ದಿನ ಬೆಂಗಳೂರು ಬಿಟ್ಟು ಹೊರಬೀಳೋಕೇ ಒಂದು ಗಂಟೆ ಬೇಕು. ಮೈಸೂರು ದಾಟೋಕೆ ಮತ್ತೊಂದಷ್ಟು, ನಂಜನಗೂಡಿನಲ್ಲಿ ದೇವಸ್ಥಾನದ ಜನ ಇದ್ದರೆ ಇನ್ನೊಂದಷ್ಟು. ಮಧ್ಯಾಹ್ನ 2ಕ್ಕೆ ಹೊರಟವರು ಆರಾಮಾಗಿ ಗೇಟ್ ದಾಟ್ತಾರೆ. ಆಫೀಸು ಮುಗಿಸಿ 5ಕ್ಕೆ ಹೊರಟವರು ಗುಂಡ್ಲುಪೇಟೆಯಲ್ಲೇ ರಾತ್ರಿ ಕಳೆಯೋ ಸಾಧ್ಯತೆಯೇ ಜಾಸ್ತಿ. ಪಟ್ಟಣ ಬಿಟ್ಟ ಮೇಲೂ ಗೇಟಿಗೆ ಅರ್ಧ ಗಂಟೆ ಇಟ್ಟುಕೊಳ್ಳಬೇಕು. 8.30ಕ್ಕೆ ಇಲ್ಲಿ ಊಟಕ್ಕೆ ಕೂತರೆ ಕಥೆ ಮುಗೀತು.

ವಾಪಸ್ ಬರುವಾಗ ಇನ್ನೂ ಎಚ್ಚರ ಬೇಕು. ಮುದುಮಲೈ ಕಾಡಿನಲ್ಲೂ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಊಟಿಯಿಂದ ಬರೋರಿಗೆ ಗೇಟ್ ಬೀಳೋದು ಬಂಡೀಪುರದಲ್ಲಲ್ಲ, ಅದಕ್ಕೂ ಮುಂಚೆ ಗೂಡಲೂರು ದಾಟಿದ ಮೇಲೆ ತೊರಪಳ್ಳಿಯಲ್ಲಿ. ಊಟಿಯಿಂದ ಗೂಡಲೂರಿಗೆ ಸುಮಾರು 50 ಕಿ.ಮೀ. ಘಾಟಿ ಇಳಿಬೇಕು, ರಜೆ ದಿನ ಎರಡು ಗಂಟೆ ಮೀರುತ್ತೆ. ಸಂಜೆ 5ರೊಳಗೆ ಊಟಿ ಬಿಡೋದು ಒಳ್ಳೇದು. ವಯನಾಡಿನಿಂದ ಬರೋರು ಮುತ್ತಂಗ ಚೆಕ್‌ಪೋಸ್ಟನ್ನ 9ಕ್ಕೆ ಮುಂಚೆ ದಾಟಿರಬೇಕು. ಕೋಳಿಕ್ಕೋಡಿನಿಂದ ಬರೋರಿಗೆ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳು ಅಡ್ಡ ಬರ್ತವೆ. ಅಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಸಾಕು, ಗಂಟೆಗಟ್ಟಲೆ ಸಾಲು.

ಬೇರೆ ದಾರಿ ಇರೋದು ಮೈಸೂರಲ್ಲಿ

ವಯನಾಡಿಗೆ ರಾತ್ರಿ ಹೋಗಲೇಬೇಕು ಅನ್ನೋರಿಗೆ ಹುಣಸೂರು–ಗೋಣಿಕೊಪ್ಪ–ಕುಟ್ಟ–ಮಾನಂದವಾಡಿ ರಸ್ತೆ ತೆರೆದಿರುತ್ತೆ. ಕೆಲವು ಹತ್ತು ಕಿ.ಮೀ. ಸುತ್ತು. ಆದರೆ ಈ ತೀರ್ಮಾನ ಮೈಸೂರಿನಲ್ಲೇ ಆಗಬೇಕು. ಗುಂಡ್ಲುಪೇಟೆಗೆ ಬಂದು ನೆನಪಾದರೆ 60 ಕಿ.ಮೀ. ವಾಪಸ್ ಹೋಗಬೇಕು. ಮ್ಯಾಪ್ ನೋಡಿ ಹೋಗೋರು ಇನ್ನೊಂದು ತಪ್ಪು ಮಾಡ್ತಾರೆ. ಎಚ್.ಡಿ. ಕೋಟೆ–ಬಾವಲಿ ರಸ್ತೆಯನ್ನ ಹಿಡೀತಾರೆ. ಅದು ನಾಗರಹೊಳೆ ಕಾಡು, ಅಲ್ಲಿ ಸಂಜೆ 6ಕ್ಕೇ ಗೇಟ್ ಬೀಳುತ್ತೆ.

"ಚಾಮರಾಜನಗರದ ಮೇಲೆ ಸತ್ಯಮಂಗಲಕ್ಕೆ ಇಳಿದು ಕೊಯಮತ್ತೂರು ಸೇರ್ತೀವಿ" ಅನ್ನೋದೂ ರಾತ್ರಿ ನಡೆಯಲ್ಲ. 27 ಹೇರ್‌ಪಿನ್ ತಿರುವಿನ ದಿಂಬಂ ಘಾಟಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಂತೆ 2022ರಿಂದ ರಾತ್ರಿ ನಿರ್ಬಂಧ ಇದೆ.

ತೆಪ್ಪಕಾಡಿನಿಂದ ಮಸಿನಗುಡಿ ಮೇಲೆ ಊಟಿಗೆ ದೂರ ಕಡಿಮೆ ನಿಜ. ಆದರೆ ಕಲ್ಲಟ್ಟಿ ಘಾಟಿ ಅಂದರೆ 36 ಹೇರ್‌ಪಿನ್ ತಿರುವು, ಕಡಿದಾದ ಏರು, ಹೊರಗಿನ ವಾಹನಕ್ಕೆ ನಿರ್ಬಂಧ ಬೇರೆ. ಘಾಟಿ ಓಡಿಸಿ ಅಭ್ಯಾಸ ಇಲ್ಲದವರು ಗೂಡಲೂರು ರಸ್ತೆಯಲ್ಲೇ ಹೋಗೋದು ಕ್ಷೇಮ.

ಊಟಿಗೆ ಇ-ಪಾಸ್ ಇಲ್ಲದೆ ಹೋಗಬೇಡಿ

ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಜಿಲ್ಲೆ ಮತ್ತು ಕೊಡೈಕೆನಾಲ್‌ಗೆ ಹೊರಗಿನಿಂದ ಬರೋ ವಾಹನಗಳಿಗೆ ಇ-ಪಾಸ್ ಕಡ್ಡಾಯ ಮಾಡಿದ್ದಾರೆ. 2025ರ ಬೇಸಿಗೆಯಲ್ಲಿ ನೀಲಗಿರಿಗೆ ವಾರದ ದಿನ 6,000, ವಾರಾಂತ್ಯ 8,000 ವಾಹನ ಮಾತ್ರ ಅಂತ ಮಿತಿಯನ್ನೂ ಹಾಕಿದ್ದರು. ಮಿತಿ ಮುಗಿದರೆ ಆ ದಿನದ ಪಾಸ್ ಸಿಗಲ್ಲ. ಪಾಸ್‌ಗೆ ಹಣ ಇಲ್ಲ, ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ವಾಹನ ನಂಬರ್, ದಿನಾಂಕ, ಉಳಿಯೋ ಜಾಗ ಕೊಟ್ಟು ತೆಗೀಬೇಕು. ಕಾಡಿನೊಳಗೆ ಬಹಳ ಕಡೆ ನೆಟ್‌ವರ್ಕ್ ಇಲ್ಲ, ಹಾಗಾಗಿ ಮನೆಯಲ್ಲೇ ತೆಗೆದು ಫೋನಿನಲ್ಲಿ ಉಳಿಸಿಕೊಂಡು ಹೊರಡಿ. ಸರ್ಕಾರಿ ಬಸ್ಸಿನಲ್ಲಿ ಹೋಗೋರಿಗೆ ಇದ್ಯಾವ ತಲೆನೋವೂ ಇಲ್ಲ.

ಇನ್ನೊಂದು, ನೀಲಗಿರಿಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ನಿಷೇಧ. ಇಲ್ಲಿ ಒಂದು ಕೇಸ್ ನೀರು ತಗೊಂಡು ಗಾಡಿಗೆ ಹಾಕಿದ್ದನ್ನ ಗಡಿಯ ಚೆಕ್‌ಪೋಸ್ಟಿನಲ್ಲಿ ಇಳಿಸಿಕೊಳ್ತಾರೆ. ಸ್ಟೀಲ್ ಬಾಟಲಿ ಒಯ್ಯಿರಿ.

ಬಸ್ಸಿನಲ್ಲಿ ಹೋಗೋರಿಗೆ

ರಜೆಯಲ್ಲಿ ಊಟಿ, ಕೇರಳ ಬಸ್ಸುಗಳು ಬೆಂಗಳೂರು–ಮೈಸೂರಿನಲ್ಲೇ ತುಂಬಿ ಬರ್ತವೆ. ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ಹತ್ತೋರಿಗೆ ನಿಲ್ಲೋ ಜಾಗ ಸಿಕ್ಕರೆ ಪುಣ್ಯ. ವಯಸ್ಸಾದವರು, ಮಕ್ಕಳು ಇದ್ದರೆ ಮುಂಗಡ ಸೀಟು ಮಾಡಿಸಿ. ನಮ್ಮ ಸಾರಿಗೆ ನಿಗಮದ್ದು ಬೇರೆ, ಕೇರಳದ್ದು ಬೇರೆ, ತಮಿಳುನಾಡಿನದ್ದು ಬೇರೆ ಬುಕಿಂಗ್. ಒಂದರಲ್ಲಿ ಸೀಟಿಲ್ಲ ಅಂದರೆ ಇನ್ನೊಂದನ್ನ ನೋಡಿ. ಬೆಳಿಗ್ಗೆ ಗೇಟ್ ತೆರೆದ ಮೇಲೆ ಹೋಗೋ ಮೊದಮೊದಲ ಬಸ್ಸುಗಳೇ ಕ್ಷೇಮ. ಸಂಜೆಯ ಬಸ್ಸು ಮೈಸೂರಿನಲ್ಲಿ ತಡವಾದರೆ ಗೇಟಿನ ಭಯ ಇದ್ದೇ ಇರುತ್ತೆ.

ಮಹಿಳೆಯರು ಗಮನಿಸಬೇಕಾದ್ದು: ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದ ಒಳಗೆ ಮಾತ್ರ. ಅಂತಾರಾಜ್ಯ ಬಸ್ಸು ಹತ್ತಿದರೆ ಟಿಕೆಟ್ ತಗೋಬೇಕು. ಕಂಡಕ್ಟರ್ ಜತೆ ವಾದ ಮಾಡಿ ಪ್ರಯೋಜನ ಇಲ್ಲ.

ಗಾಡಿ ಬಾಡಿಗೆ ಮಾಡೋರು ಹಳದಿ ಬೋರ್ಡೇ ಮಾಡಿ. ಪರಿಚಯದವರ ಬಿಳಿ ಬೋರ್ಡ್ ಕಾರು ಕಡಿಮೆಗೆ ಸಿಗುತ್ತೆ ಅಂತ ಹೋಗಿ ಅಪಘಾತ ಆದರೆ, ಬಾಡಿಗೆಗೆ ಓಡಿಸಿದ್ದಾರೆ ಅಂತ ವಿಮೆ ಕಂಪನಿ ಕೈ ಎತ್ತಬಹುದು. ಹೊರರಾಜ್ಯದ ಪರ್ಮಿಟ್ ಇದೆಯಾ ಅಂತ ಮುಂಗಡ ಕೊಡೋ ಮೊದಲೇ ಕೇಳಿ.

ಗೇಟ್ ತಪ್ಪಿತು, ಈಗೇನು?

ಗೇಟಿನ ಮುಂದೆ ಕಾಡಂಚಿನಲ್ಲಿ ಗಾಡಿ ನಿಲ್ಲಿಸಿ ಮಲಗಬೇಡಿ. ಅಲ್ಲಿಗೂ ಆನೆ ಬರುತ್ತೆ. ಪಟ್ಟಣಕ್ಕೆ ವಾಪಸ್ ಬನ್ನಿ. ಲಾಡ್ಜ್ ತುಂಬಿದ್ದರೆ ಬೆಳಕಿರೋ ಪೆಟ್ರೋಲ್ ಬಂಕು, ಬಸ್ ಸ್ಟ್ಯಾಂಡ್ ಹತ್ತಿರ ನಿಲ್ಲಿಸಿ. ಬೆಳಿಗ್ಗೆ ಸಮಯ ಮಿಕ್ಕರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬರಬಹುದು. ಬೆಟ್ಟದ ಮೇಲೆ ಸ್ವಂತ ಗಾಡಿ ಬಿಡಲ್ಲ, ಕೆಳಗಿನಿಂದ ಸಾರಿಗೆ ಬಸ್ಸಿದೆ.

ಕಾಡಿನೊಳಗೆ ಹಗಲು ಹೋಗುವಾಗಲೂ ಇಳಿಯಬೇಡಿ, ಫೋಟೋಗೆ ಗಾಡಿ ನಿಲ್ಲಿಸಬೇಡಿ, ಕೋತಿಗೆ ತಿಂಡಿ ಎಸೆಯಬೇಡಿ. ತಿಂಡಿ ರುಚಿ ಹತ್ತಿದ ಕೋತಿ ರಸ್ತೆಗೇ ಬಂದು ಗಾಡಿಗೆ ಸಿಕ್ಕಿ ಸಾಯುತ್ತೆ.

ಅಂಗಡಿಯವರಿಗೂ ಒಂದು ಮಾತು

ರಜೆ ಜನ ಬಂದರೆ ಹೋಟೆಲ್, ಬೇಕರಿ, ಪಂಚರ್ ಅಂಗಡಿ ಎಲ್ಲರಿಗೂ ವ್ಯಾಪಾರ. ಗೇಟ್ ತಪ್ಪಿದವರಿಂದ ರಾತ್ರಿ ಊಟ, ಬೆಳಿಗ್ಗೆ ಐದರ ಟೀ ವ್ಯಾಪಾರವೂ ಆಗುತ್ತೆ. ಹಾಗಂತ ಎಂಟೂವರೆಗೆ ಊಟಕ್ಕೆ ಬಂದವರಿಗೆ ಗೇಟ್ ವಿಷಯ ಹೇಳದೆ ಕೂರಿಸೋದು ಸರಿಯಲ್ಲ. ನೀರಿನ ಕೇಸ್ ಕೊಡುವಾಗ "ಊಟಿಗಾ? ಅಲ್ಲಿ ಬಿಡಲ್ಲ" ಅಂತ ಒಂದು ಮಾತು ಹೇಳಿದರೆ ನಷ್ಟ ಒಂದು ಕೇಸ್ ಮಾತ್ರ. ಅಂಗಡಿ ಮುಂದೆ "ರಾತ್ರಿ 9ಕ್ಕೆ ಗೇಟ್ ಬಂದ್, ಊಟಿಗೆ ಇ-ಪಾಸ್ ಬೇಕು" ಅಂತ ಕನ್ನಡ, ಮಲಯಾಳಂ, ತಮಿಳು, ಇಂಗ್ಲಿಷ್‌ನಲ್ಲಿ ಒಂದು ಬೋರ್ಡ್ ಹಾಕೋಕೆ ದೊಡ್ಡ ಖರ್ಚಿಲ್ಲ. ಆ ಬೋರ್ಡ್ ನೋಡಿ ಟೀ ಅರ್ಧಕ್ಕೇ ಬಿಟ್ಟು ಓಡಿದ ಗಿರಾಕಿ, ವಾಪಸ್ ಬರುವಾಗ ಅದೇ ಅಂಗಡಿ ಮುಂದೆ ಗಾಡಿ ನಿಲ್ಲಿಸ್ತಾನೆ.