ಸಿಡಿ ಡ್ರೈವ್ ಕಾಣೆಯಾಗಿದೆಯೇ? ಸ್ವಲ್ಪ ತಾಳಿ



ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಫೋನುಗಳಲ್ಲಿ ಹಾಡಿನ ಕೋರಿಕೆಯ ಜೊತೆ ಒಮ್ಮೊಮ್ಮೆ ಇನ್ನೊಂದು ಅಹವಾಲೂ ಇರುತ್ತದೆ. "ಮಗಳ ಮದುವೆಯ ಸಿಡಿ ಹಾಕುವ ಅಂದರೆ ಕಂಪ್ಯೂಟರಿನಲ್ಲಿ ಡ್ರೈವೇ ಕಾಣುವುದಿಲ್ಲ ಮೇಡಂ, ಎಂತ ಮಾಡುವುದು?" ನಾನು ಓದಿದ್ದು ಕನ್ನಡ ಬಿ.ಎ. ಸಂಧಿ, ಸಮಾಸ ಕೇಳಿದರೆ ಹೇಳಿಯೇನು, ಕಂಪ್ಯೂಟರಿನ ಹೊಟ್ಟೆಯೊಳಗಿನ ವಿಷಯ ನನ್ನ ಪಾಠದಲ್ಲಿರಲಿಲ್ಲ. ಆದರೆ ಸ್ಟುಡಿಯೋದಲ್ಲಿ ಸಿಡಿಗಳ ರಾಶಿಯ ನಡುವೆ ಕೂತು ಕೆಲಸ ಮಾಡಿದ್ದರಿಂದ, ನಮ್ಮ ತಾಂತ್ರಿಕ ಸಹೋದ್ಯೋಗಿಗಳ ಬೆನ್ನು ಬಿದ್ದು ಕೆಲವನ್ನು ಕಲಿತಿದ್ದೇನೆ. ಅದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಈಗ ಯಾರು ಸಿಡಿ ನೋಡುತ್ತಾರೆ ಎಂದು ಮನೆಯ ಮಕ್ಕಳು ಕೇಳಬಹುದು. ಹೊಸ ಲ್ಯಾಪ್‌ಟಾಪುಗಳಲ್ಲಿ ಡ್ರೈವೇ ಇರುವುದಿಲ್ಲ, ನಿಜ. ಆದರೆ ನಿಮ್ಮ ಮನೆಯ ಕಪಾಟು ತೆರೆದು ನೋಡಿ. 2000ದ ದಶಕದ ಮದುವೆ, ಉಪನಯನಗಳೆಲ್ಲ ವಿಸಿಡಿಯಲ್ಲಿವೆ. ಮಳೆಗಾಲದಲ್ಲಿ ಊರಿನಿಂದ ಮುಂಬಯಿಗೆ ಬಂದ ಯಕ್ಷಗಾನ ಕಲಾವಿದರ ಆಟವನ್ನು ಯಾರೋ ರೆಕಾರ್ಡ್ ಮಾಡಿ ಕೊಟ್ಟ ಡಿವಿಡಿ ಇದೆ. ಕ್ಯಾಸೆಟ್ಟಿನಿಂದ ಸಿಡಿಗೆ ಇಳಿಸಿದ ಅಜ್ಜಿಯ ಶೋಭಾನೆ ಹಾಡು ಇದ್ದರೂ ಇರಬಹುದು. ಅಜ್ಜಿ ಈಗಿಲ್ಲ, ಆ ಕ್ಯಾಸೆಟ್ಟೂ ಇಲ್ಲ. ಆ ದನಿಯನ್ನು ಕೇಳಬೇಕೆಂದರೆ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರೇ ಗತಿ.

ಹಾಗಾಗಿ ಮೊದಲ ಮಾತು: ಡ್ರೈವ್ ಕಾಣೆಯಾದರೆ ಡಿಸ್ಕ್ ಹಾಳಾಯಿತೆಂದು ಅರ್ಥವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದು ನಿಮಗೆ ನೆನಪಿರಬಹುದು. ಅಂಥ ನೆರೆಯಲ್ಲಿ ನೆಲಮಹಡಿಯ ಕಂಪ್ಯೂಟರ್ ಮುಳುಗಿದರೆ ಡ್ರೈವಿನ ಕಥೆ ಬಹುಮಟ್ಟಿಗೆ ಮುಗಿದಂತೆಯೇ. ಆದರೆ ಅದೇ ನೀರಲ್ಲಿ ಬಿದ್ದ ಸಿಡಿಯನ್ನು ಕೂಡಲೇ ಎತ್ತಿ, ಶುದ್ಧ ನೀರಿನಲ್ಲಿ ಮೃದುವಾಗಿ ತೊಳೆದು ನೆರಳಲ್ಲಿ ಆರಿಸಿದರೆ ಎಷ್ಟೋ ಸಲ ಅದು ಮತ್ತೆ ಹಾಡುತ್ತದೆ. ಆದ್ದರಿಂದ "ಹಳೇದು, ಎಸೆದುಬಿಡಿ" ಎಂದು ಅಂಗಡಿಯವರು ಹೇಳಿದರೆ ಡ್ರೈವಿಗೆ ಬೇಕಾದರೆ ಹೂಂ ಅನ್ನಿ, ಡಿಸ್ಕಿಗೆ ಅನ್ನಬೇಡಿ.

ಇನ್ನು ರೋಗ ಯಾವುದು ನೋಡೋಣ. 'ಡಿಸ್ಕ್ ಓದುತ್ತಿಲ್ಲ' ಎನ್ನುವುದು ಬೇರೆ, 'ಡ್ರೈವೇ ಕಾಣುತ್ತಿಲ್ಲ' ಎನ್ನುವುದು ಬೇರೆ. ಹಿಂದೆ 'ಮೈ ಕಂಪ್ಯೂಟರ್' ಎನ್ನುತ್ತಿದ್ದದ್ದು ಈಗ 'ದಿಸ್ ಪಿಸಿ' ಆಗಿದೆ. ಅದನ್ನು ತೆರೆದಾಗ ಡ್ರೈವಿನ ಚಿತ್ರವಿದ್ದು, ಕ್ಲಿಕ್ ಮಾಡಿದರೆ ಡಿಸ್ಕ್ ಹಾಕಿ ಎನ್ನುತ್ತಿದ್ದರೆ ಡ್ರೈವ್ ಪತ್ತೆಯಾಗಿದೆ. ಮಸೂರದ ಧೂಳು ಅಥವಾ ಡಿಸ್ಕಿನ ಗೀರು ಕಾರಣವಿರಬೇಕು. ಚಿತ್ರವೇ ಇಲ್ಲವೆಂದರೆ ಮುಂದೆ ಓದಿ.

ಡ್ರೈವಿನ ಗುಂಡಿ ಒತ್ತಿ. ಟ್ರೇ ಹೊರಗೆ ಬಂತೇ? ಹಾಗಾದರೆ ಅದಕ್ಕೆ ಕರೆಂಟು ಬರುತ್ತಿದೆ. ಮಾಹಿತಿ ಸಾಗುವ ಕೇಬಲ್ ಬೇರೆಯೇ ಇರುವುದರಿಂದ ಇಷ್ಟಕ್ಕೇ ಎಲ್ಲ ಸರಿ ಎನ್ನುವಂತಿಲ್ಲ. ಟ್ರೇಯೂ ಬರಲಿಲ್ಲ, ದೀಪವೂ ಮಿನುಗಲಿಲ್ಲ ಎಂದರೆ ಕರೆಂಟಿನ ಕೇಬಲ್ ಮೇಲೆ ಅನುಮಾನ ಪಡಿ. ಒಳಗೆ ಡಿಸ್ಕ್ ಸಿಕ್ಕಿಕೊಂಡಿದ್ದರೆ ಕಂಪ್ಯೂಟರ್ ಆರಿಸಿ, ಡ್ರೈವಿನ ಮುಖದಲ್ಲಿರುವ ಚಿಕ್ಕ ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ತೂರಿಸಿ ಒತ್ತಿ, ಟ್ರೇ ಸಡಿಲವಾಗುತ್ತದೆ.

ಮುಂದಿನ ಪರೀಕ್ಷೆಯನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ, ನನ್ನ ಪ್ರಕಾರ ಅದೇ ಮುಖ್ಯ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ, ವಿಂಡೋಸ್ ಬರುವ ಮೊದಲೇ, ಎಫ್2 ಅಥವಾ ಡಿಲೀಟ್ ಕೀಯನ್ನು ಒತ್ತುತ್ತಾ ಇರಿ (ಕಂಪನಿಗೆ ತಕ್ಕಂತೆ ಕೀ ಬದಲಾಗುತ್ತದೆ, ಪರದೆಯ ಕೆಳಗೆ ಬರೆದಿರುತ್ತದೆ). ಬಯೋಸ್ ಎಂಬ ಪರದೆ ಬರುತ್ತದೆ. ಏನನ್ನೂ ಬದಲಿಸದೆ ಅಲ್ಲಿನ ಪಟ್ಟಿಯಲ್ಲಿ ಹಾರ್ಡ್ ಡಿಸ್ಕಿನ ಜೊತೆ ನಿಮ್ಮ ಡಿವಿಡಿ ಡ್ರೈವಿನ ಹೆಸರೂ ಇದೆಯೇ ಎಂದಷ್ಟೇ ನೋಡಿ. ಹೆಸರಿದ್ದರೆ ತಂತಿ, ಕರೆಂಟು ಎಲ್ಲ ಸರಿಯಿದ್ದು ದೋಷ ವಿಂಡೋಸಿನದು. ಡಬ್ಬ ಬಿಚ್ಚುವುದು ಬೇಡ. ಹೆಸರಿಲ್ಲದಿದ್ದರೆ ದೋಷ ತಂತಿ ಅಥವಾ ಡ್ರೈವಿನದು. ವಿಂಡೋಸನ್ನು ಹತ್ತು ಸಲ ಹೊಸದಾಗಿ ಹಾಕಿದರೂ ಡ್ರೈವ್ ಬರುವುದಿಲ್ಲ. ರಿಪೇರಿಯವರು ಬಂದ ಕೂಡಲೇ "ಫಾರ್ಮ್ಯಾಟ್ ಮಾಡಬೇಕು" ಎಂದರೆ "ಬಯೋಸಿನಲ್ಲಿ ಕಾಣುತ್ತದೆಯೇ?" ಎಂದು ಕೇಳಿ. ಫಾರ್ಮ್ಯಾಟ್ ಮಾಡಿದರೆ ಹಾರ್ಡ್ ಡಿಸ್ಕಿನಲ್ಲಿರುವ ಫೋಟೋಗಳೂ ಹೋದಾವು.

ಬಯೋಸಿನಲ್ಲೇ ಇಲ್ಲವಾದರೆ ಪ್ಲಗ್ ಕಿತ್ತು ಕ್ಯಾಬಿನೆಟ್ ತೆರೆಯಿರಿ. ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿ. ನಮ್ಮದು ಕಡಲತೀರದ ಊರು. ಉಪ್ಪುಗಾಳಿ, ಮಳೆಗಾಲದ ತೇವಕ್ಕೆ ಕಿಟಕಿಯ ಸರಳೇ ತುಕ್ಕು ಹಿಡಿಯುವಾಗ ಕೇಬಲಿನ ತುದಿಯ ತೆಳು ಲೋಹ ಮಂಕಾಗುವುದರಲ್ಲಿ ಆಶ್ಚರ್ಯವಿಲ್ಲ. ಡ್ರೈವಿನ ಹಿಂದಿನ ಎರಡೂ ಕೇಬಲ್‌ಗಳನ್ನು ಕಿತ್ತು ಮತ್ತೆ ಬಿಗಿಯಾಗಿ ಸಿಕ್ಕಿಸಿ. ಆಗಲಿಲ್ಲವೇ? ಮಾಹಿತಿಯ ಸಾಟಾ ಕೇಬಲನ್ನು ಬದಲಿಸಿ, ಮದರ್‌ಬೋರ್ಡಿನ ಬೇರೆ ಕಿಂಡಿಗೆ ಹಾಕಿ ನೋಡಿ. ಇನ್ನೂ ಹಳೆಯ ಯಂತ್ರಗಳಲ್ಲಿ ರಿಬ್ಬನ್ನಿನಂಥ ಅಗಲ ಕೇಬಲ್ ಇರುತ್ತದೆ. ಅದರಲ್ಲಿ ಎರಡು ಡ್ರೈವ್‌ಗಳಿದ್ದರೆ ಹಿಂಬದಿಯ ಪುಟ್ಟ ಜಂಪರಿನಲ್ಲಿ ಒಂದು 'ಮಾಸ್ಟರ್', ಇನ್ನೊಂದು 'ಸ್ಲೇವ್' ಆಗಿರಬೇಕು. ಎರಡೂ ಯಜಮಾನರಾದರೆ ಜಗಳ ತಪ್ಪಿದ್ದಲ್ಲ.

ಲ್ಯಾಪ್‌ಟಾಪಿನವರಿಗೆ ಒಂದು ಮಾತು. ಅದು ವೇಗವಾಗಲೆಂದು ನಡುವೆ ಎಂದಾದರೂ ಎಸ್‌ಎಸ್‌ಡಿ ಹಾಕಿಸಿದ್ದೀರಾ? ಕೆಲವು ಕಡೆ ಡಿವಿಡಿ ಡ್ರೈವನ್ನು ತೆಗೆದು ಅದರ ಜಾಗದಲ್ಲೇ ಹಾರ್ಡ್ ಡಿಸ್ಕ್ ಕೂರಿಸುತ್ತಾರೆ. ಹೊರಮುಖ ಮಾತ್ರ ಹಾಗೇ ಇರುತ್ತದೆ. ಡ್ರೈವೇ ಇಲ್ಲದ ಮೇಲೆ ಕಾಣುವುದೆಲ್ಲಿಂದ! ಇನ್ನು ಯುಎಸ್‌ಬಿಯ ಹೊರ ಡ್ರೈವ್ ಕಾಣದಿದ್ದರೆ ಹಬ್ಬಿನಿಂದ ತೆಗೆದು ನೇರವಾಗಿ ಕಂಪ್ಯೂಟರಿನ ಹಿಂಬದಿಯ ಕಿಂಡಿಗೆ ಸಿಕ್ಕಿಸಿ. ಡಿಸ್ಕ್ ತಿರುಗಲು ಹೆಚ್ಚು ಕರೆಂಟು ಬೇಕು, ಹಬ್ಬಿನಿಂದ ಅಷ್ಟು ಸಿಗದೇ ಹೋಗಬಹುದು.

ಬಯೋಸಿನಲ್ಲಿ ಇದ್ದು ವಿಂಡೋಸಿನಲ್ಲಿ ಇಲ್ಲದಿದ್ದರೆ 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಡಿವಿಡಿ ಡ್ರೈವಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಅನ್‌ಇನ್‌ಸ್ಟಾಲ್ ಡಿವೈಸ್' ಆರಿಸಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ವಿಂಡೋಸ್ ತಾನೇ ಅದನ್ನು ಮತ್ತೆ ಹುಡುಕಿಕೊಳ್ಳುತ್ತದೆ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸಿನಲ್ಲೇ ಇದೆ. ಇಂಟರ್‌ನೆಟ್‌ನಿಂದ 'ಡ್ರೈವರ್ ಅಪ್‌ಡೇಟರ್'ಗಳನ್ನು ಇಳಿಸಿ ಹೊಸ ತಲೆನೋವು ತಂದುಕೊಳ್ಳಬೇಡಿ.

ಆಮೇಲೂ ಹೆಸರಿನ ಪಕ್ಕ ಹಳದಿ ಗುರುತಿದ್ದು, ಅದರ ಮೇಲೆ ಡಬಲ್ ಕ್ಲಿಕ್ ಮಾಡಿದಾಗ 19, 31, 32, 39, 41 ಇವುಗಳಲ್ಲಿ ಒಂದು ಕೋಡ್ ಸಂಖ್ಯೆ ಕಂಡರೆ ಕಾರಣ ಹೆಚ್ಚಾಗಿ ಒಂದೇ. ನಿಮ್ಮ ಸೊಸೈಟಿಯನ್ನೇ ನೆನೆಸಿಕೊಳ್ಳಿ. ವಾಚ್‌ಮನ್ ಸಹಿ ಹಾಕದೆ ಯಾರನ್ನೂ ಒಳಗೆ ಬಿಡಬಾರದೆಂದು ನಿಯಮವಿದೆ. ವಾಚ್‌ಮನ್ ಕೆಲಸ ಬಿಟ್ಟು ಊರಿಗೆ ಹೋದ, ನಿಯಮ ಮಾತ್ರ ಉಳಿಯಿತು. ನೆಂಟರು ಗೇಟಿನಲ್ಲೇ ನಿಂತಿದ್ದಾರೆ! ಸಿಡಿ ಬರೆಯುವ ತಂತ್ರಾಂಶಗಳು ಡ್ರೈವಿಗೆ ಇಂಥ ವಾಚ್‌ಮನ್‌ಗಳನ್ನು ನೇಮಿಸುತ್ತವೆ, ಅವಕ್ಕೆ 'ಫಿಲ್ಟರ್' ಎಂದು ಹೆಸರು. ಆ ತಂತ್ರಾಂಶವನ್ನು ತೆಗೆದಾಗ ಅಥವಾ ವಿಂಡೋಸನ್ನು ಮೇಲ್ದರ್ಜೆಗೆ ಏರಿಸಿದಾಗ ಫಿಲ್ಟರ್ ಹೋಗಿ, ಅದರ ಹೆಸರು ಮಾತ್ರ ವಿಂಡೋಸಿನ 'ರಿಜಿಸ್ಟ್ರಿ' ಎಂಬ ದಫ್ತರದಲ್ಲಿ ಉಳಿದುಬಿಡುತ್ತದೆ.

ಆ ಹೆಸರನ್ನು ಅಳಿಸಬೇಕು. ರಿಜಿಸ್ಟ್ರಿ ಎಡಿಟರ್‌ನಲ್ಲಿ ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್ ಹೀಗೆ ಒಂದರೊಳಗೊಂದು ತೆರೆಯುತ್ತಾ ಹೋದರೆ 4ಡಿ36ಇ965 ಎಂದು ಶುರುವಾಗುವ ಫೋಲ್ಡರ್ ಸಿಗುತ್ತದೆ. ಮೊದಲು ಅದನ್ನು 'ಎಕ್ಸ್‌ಪೋರ್ಟ್' ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ. ಆಮೇಲೆ ಬಲಬದಿಯಲ್ಲಿ 'ಅಪ್ಪರ್‌ಫಿಲ್ಟರ್ಸ್', 'ಲೋವರ್‌ಫಿಲ್ಟರ್ಸ್' ಎಂಬ ಎರಡು ಸಾಲುಗಳಿದ್ದರೆ ಅವನ್ನು ಮಾತ್ರ ಅಳಿಸಿ, ರೀಸ್ಟಾರ್ಟ್ ಮಾಡಿ. ಕೊನೆಯ ಅಂಕಿಗಳನ್ನು ಎರಡು ಸಲ ಓದಿ: 965. ಹತ್ತಿರದಲ್ಲೇ 967 ಇದೆ, ಅದು ಹಾರ್ಡ್ ಡಿಸ್ಕಿನದು. ಅಲ್ಲಿ ಕೈಹಾಕಿದರೆ ಕಂಪ್ಯೂಟರ್ ಮೇಲೇಳುವುದಿಲ್ಲ. 96ಬಿ ಕೀಬೋರ್ಡಿನದು. ಕೈ ನಡುಗುತ್ತದೆ ಎನ್ನುವವರು ಮನೆಯ ಕಾಲೇಜು ಹುಡುಗರನ್ನು ಕೂರಿಸಿಕೊಳ್ಳಿ.

ಹಳದಿ ಗುರುತೇ ಇಲ್ಲ, ಆದರೂ 'ದಿಸ್ ಪಿಸಿ'ಯಲ್ಲಿ ಕಾಣದು ಎಂದರೆ ಡ್ರೈವಿನ ಅಕ್ಷರ ತಪ್ಪಿಹೋಗಿರಬಹುದು. 'ಡಿಸ್ಕ್ ಮ್ಯಾನೇಜ್‌ಮೆಂಟ್'ನಲ್ಲಿ ಅದಕ್ಕೆ ಬೇರೆ ಅಕ್ಷರ ಕೊಡಿ.

ಡ್ರೈವ್ ಮರಳಿ ಬಂತೆಂದರೆ ಅದೇ ದಿನ ಡಿಸ್ಕುಗಳನ್ನು ನಕಲು ಮಾಡಿಕೊಳ್ಳಿ. ಹಳೆಯ ಡ್ರೈವ್ ಎಷ್ಟು ದಿನ ಇದ್ದೀತೋ ಯಾರು ಬಲ್ಲರು? ವಿಸಿಡಿಯಾದರೆ 'ಎಂಪೆಗ್‌ಎವಿ' ಫೋಲ್ಡರಿನಲ್ಲಿರುವ 'ಡ್ಯಾಟ್' ಕಡತವನ್ನೂ, ಡಿವಿಡಿಯಾದರೆ 'ವಿಡಿಯೋ ಟಿಎಸ್' ಫೋಲ್ಡರನ್ನು ಪೂರ್ತಿಯಾಗಿಯೂ ನಕಲು ಮಾಡಿ. ಎರಡನ್ನೂ ವಿಎಲ್‌ಸಿ ಪ್ಲೇಯರ್ ಆಡಿಸುತ್ತದೆ. ಹಾಡಿನ ಆಡಿಯೋ ಸಿಡಿಯಲ್ಲಿ ಮಾತ್ರ ಎಚ್ಚರ. ಅದನ್ನು ತೆರೆದರೆ 'ಟ್ರ್ಯಾಕ್ 01', 'ಟ್ರ್ಯಾಕ್ 02' ಎಂದು ಪುಟ್ಟ ಕಡತಗಳು ಕಾಣುತ್ತವೆ, ಒಂದೊಂದೂ ಒಂದು ಕೆಬಿ. ಅವು ಹಾಡಲ್ಲ, ಹಾಡು ಎಲ್ಲಿದೆ ಎಂದು ತೋರಿಸುವ ಚೀಟಿ. ಅವನ್ನು ಪೆನ್ ಡ್ರೈವಿಗೆ ಹಾಕಿ ಸಿಡಿಯನ್ನು ಎಸೆದರೆ ಅಜ್ಜಿಯ ಹಾಡು ಅಲ್ಲಿಗೆ ಮುಗಿಯಿತು. ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿ 'ರಿಪ್' ಒತ್ತಿದರೆ ನಿಜವಾದ ಹಾಡು ಕಂಪ್ಯೂಟರಿಗೆ ಇಳಿಯುತ್ತದೆ. ಒಂದು ಸಲ ಕೇಳಿ ನೋಡಿ, ಎರಡು ಕಡೆ ಇಟ್ಟುಕೊಳ್ಳಿ.

ಡಿಸ್ಕನ್ನು ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿಕ್ಕಬೇಡಿ.

ಏನು ಮಾಡಿದರೂ ಡ್ರೈವ್ ಏಳದಿದ್ದರೆ ಯುಎಸ್‌ಬಿಯ ಹೊರ ಡ್ರೈವ್ ಕೊಳ್ಳಿ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ಲ್ಯಾಮಿಂಗ್ಟನ್ ರಸ್ತೆ ದೂರವಿಲ್ಲ. ಹೋಗುವಾಗ ಸಾಧಾರಣ ಹಾಡಿನ ಒಂದು ಸಿಡಿ, ಸಿನಿಮಾದ ಒಂದು ಡಿವಿಡಿ ಕೈಯಲ್ಲಿರಲಿ. ಮದುವೆಯ ಡಿಸ್ಕ್ ಮನೆಯಲ್ಲೇ ಇರಲಿ. ಸಿಡಿ ಓದುವ ಲೇಸರ್ ಕಿರಣ ಬೇರೆ, ಡಿವಿಡಿ ಓದುವುದು ಬೇರೆ. ಒಂದು ಸತ್ತು ಇನ್ನೊಂದು ಬದುಕಿರುವ ಡ್ರೈವ್‌ಗಳೂ ಇರುತ್ತವೆ. ಆದ್ದರಿಂದ ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಎರಡನ್ನೂ ಹಾಕಿಸಿ ನೋಡಿ.